ನಿಂತಲ್ಲೇ ತೂಗಿ ನೋಡಿದ ಬೈಕು

ಆಯುಧಪೂಜೆಯ ದಿನ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಬೈಕ್ ಶೋರೂಮಿನ ಬೋರ್ಡು ಓದಬೇಕಾಗಿಲ್ಲ. ಒಡೆದ ಬೂದುಗುಂಬಳ, ಕುಂಕುಮದ ನೀರು, ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣು ಎಲ್ಲಿ ದಟ್ಟವಾಗಿ ಕಾಣುತ್ತದೋ ಅಲ್ಲಿಗೆ ನುಗ್ಗಿದರಾಯಿತು. 2025ರಲ್ಲಿ ಹಬ್ಬ ಬುಧವಾರ ಬಿದ್ದಿತ್ತು. ಬುಧವಾರದ ರಾಹುಕಾಲ ಹನ್ನೆರಡರಿಂದ ಒಂದೂವರೆ. ಹಾಗಾಗಿ ಗಾಡಿ ಬುಕ್ ಮಾಡಿದ ಅಷ್ಟೂ ಮನೆಯವರಿಗೆ ಹನ್ನೆರಡರೊಳಗೇ ಕೀಲಿ ಕೈಗೆ ಬೀಳಬೇಕು. ಭಟ್ಟರು ಒಬ್ಬರು, ಬೈಕುಗಳು ಎರಡು ಸಾಲು. ಅವರು ಒಂದೇ ಉಸಿರಿನ ಮಂತ್ರದಲ್ಲಿ ಮೂರು ಗಾಡಿ ದಾಟುತ್ತ, ಹೆಡ್‌ಲೈಟಿಗೆ ಗಂಧ ಹಚ್ಚಿ, ಹ್ಯಾಂಡಲ್ಲಿಗೆ ಸೇವಂತಿಗೆ ಮಾಲೆ ಸುತ್ತಿ, ಮುಂದಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಮುಂದೆ ಸರಿಯುತ್ತಿದ್ದರು. ‘ಟ್ಯಾಂಕಿಗೆ ಕುಂಕುಮ ಬೇಡ ಭಟ್ರೇ, ಪೇಂಟಿಗೆ ಕಲೆ ಹಿಡಿಯುತ್ತೆ’ ಎಂದು ಒಬ್ಬ ಹುಡುಗ ಅಂಗಲಾಚಿದ. ಅವನ ತಾಯಿ ಭಟ್ಟರ ತಟ್ಟೆಯಿಂದಲೇ ಚಿಟಿಕೆ ಕುಂಕುಮ ಎತ್ತಿ ಟ್ಯಾಂಕಿನ ನಟ್ಟನಡುವೆ ಒತ್ತಿದರು. ಕಂತು ಕಟ್ಟುವವರು ಯಾರೆಂದು ಅಲ್ಲಿಗೆ ಗೊತ್ತಾಯಿತು.

ಇಷ್ಟು ಜನ ಮುಗಿಬೀಳಲು ಹಬ್ಬ ಒಂದೇ ಕಾರಣವಲ್ಲ. ನವರಾತ್ರಿ ಶುರುವಾದ ಸೆಪ್ಟೆಂಬರ್ 22ರಂದೇ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿತ್ತು. ಅದನ್ನು ದಾಟಿದವಕ್ಕೆ ಶೇ 40. ಅಲ್ಲಿಯವರೆಗೆ ಸಿಸಿ ಎಂದರೆ ಹುಡುಗರ ಒಣಜಂಭದ ಲೆಕ್ಕವಾಗಿತ್ತು. ಆವತ್ತಿನಿಂದ ಮನೆಯ ಹಿರಿಯರ ಬಾಯಲ್ಲೂ ಓಡಾಡತೊಡಗಿತು. ರಾಯಲ್ ಎನ್‌ಫೀಲ್ಡಿನದು 349, ಹೋಂಡಾದ್ದು 348. ಗೆರೆಯ ಈಚೆಗೇ ನಿಂತ ಈ ಎಂಜಿನ್ನುಗಳ ಅದೃಷ್ಟವನ್ನು ಕಂಡು, ‘ಇವರು ಜಾತಕ ನೋಡಿಯೇ ಎಂಜಿನ್ ಮಾಡಿದ್ದಾರೆ’ ಎಂದು ಹಿಂದೆ ನಿಂತಿದ್ದ ಯಜಮಾನರೊಬ್ಬರು ತೀರ್ಪು ಕೊಟ್ಟರು. ಇಷ್ಟಾದರೂ ‘ಎಕ್ಸ್ ಶೋರೂಂ’ ಎಂಬ ಮೊದಲ ಸಾಲನ್ನು ನಂಬಿ ಬಂದವರು ‘ಆನ್ ರೋಡ್’ ಎಂಬ ಕೊನೆಯ ಸಾಲಿಗೆ ಬರುವಾಗ ಒಮ್ಮೆ ಉಗುಳು ನುಂಗುತ್ತಾರೆ. ನಡುವೆ ಇರುವುದು ರಾಜ್ಯದ ಆಜೀವ ತೆರಿಗೆ, ನೋಂದಣಿ, 2018ರ ಸೆಪ್ಟೆಂಬರಿನಿಂದ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ. ಆಮೇಲೆ ಕ್ರ್ಯಾಶ್ ಗಾರ್ಡು, ಸೀಟ್ ಕವರು, ಮೊಬೈಲ್ ಸಿಕ್ಕಿಸುವ ಕೊಕ್ಕೆ. ಕಾನೂನು ಕೇಳುವುದು ಯಾವುದು, ಮಾರುವವರು ಕೇಳುವುದು ಯಾವುದು ಎಂದು ಬೇರ್ಪಡಿಸಿ ನೋಡುವ ತಾಳ್ಮೆ ಹಬ್ಬದ ದಿನ ಯಾರಿಗೂ ಇರುವುದಿಲ್ಲ. ಆ ಕೆಲಸ ವಾರ ಮೊದಲೇ ಮುಗಿಸಿಕೊಳ್ಳಬೇಕು.

ನನ್ನದು ಮುಗಿದಿತ್ತು. ಮನೆಯಲ್ಲಿದ್ದದ್ದು ನೂರು ಸಿಸಿಯ ಹಳೆಯ ಹೀರೋ ಹೋಂಡಾ. ಆ ಎರಡು ಕಂಪನಿಗಳು 2010ರಲ್ಲೇ ಬೇರೆಯಾಗುವ ಮಾತಾಡಿಕೊಂಡವು. ನಮ್ಮ ಟ್ಯಾಂಕಿನ ಮೇಲೆ ಮಾತ್ರ ಇನ್ನೂ ಕೂಡುಕುಟುಂಬ. ಅದು ಕೈಕೊಟ್ಟದ್ದಿಲ್ಲ. ಆದರೆ ಹಿಂದೆ ಹೆಂಡತಿ, ನಡುವೆ ಅಕ್ಕಿ ಚೀಲ, ಎದುರಿಗೆ ನಮ್ಮನೆಯ ಏರು ಬಂದಾಗ ಮೊದಲನೇ ಗೇರಿನಲ್ಲೂ ಏದುಸಿರು ಬಿಡುತ್ತಿತ್ತು. ಬೇರೆ ಗಾಡಿ ಬೇಕು ಎಂಬುದರಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಯಾವುದು ಎನ್ನುವುದರಲ್ಲಿ ಅಭಿಪ್ರಾಯ ಇಲ್ಲದವರು ಇರಲಿಲ್ಲ.

ತಂಗಿಯ ಮಗ ಬೆಂಗಳೂರಿನಿಂದ ದಿನಕ್ಕೊಂದು ವಿಡಿಯೋ ಕಳಿಸುತ್ತಿದ್ದ. ಎಲ್ಲದರಲ್ಲೂ ಖಾಲಿ ಹೆದ್ದಾರಿ, ಸಂಜೆಬಿಸಿಲು, ಸೊನ್ನೆಯಿಂದ ನೂರು ತಲುಪಲು ಎಷ್ಟು ಸೆಕೆಂಡು ಎಂಬ ಲೆಕ್ಕ. ನಮ್ಮನೆ ಇರುವುದು ತೀರ್ಥಹಳ್ಳಿಯಿಂದ ಆಚೆ, ಟಾರು ಬಿಟ್ಟು ತೋಟದ ಕಡೆ ತಿರುಗುವ ಮಣ್ಣಿನ ದಾರಿಯಲ್ಲಿ. ಏರಿನ ಅರ್ಧಕ್ಕೇ ಉಣುಗೋಲು. ಗಾಡಿ ನಿಲ್ಲಿಸಿ, ಹಿಂದೆ ಜಾರದಂತೆ ಬ್ರೇಕು ಹಿಡಿದು, ಹಿಂದೆ ಕೂತವರು ಇಳಿದು ಗಳು ಸರಿಸುವವರೆಗೆ ಕಾಯಬೇಕು. ಒಬ್ಬನೇ ಬಂದರೆ ಇನ್ನೂ ಕಷ್ಟ. ಒಳಗೆ ಹೋದರೆ ಮಳೆಗಾಲದ ಅಂಗಳದಲ್ಲಿ ಹಾವಸೆ. ನಡೆಯಲು ಹಾಸಿದ ಅಡಿಕೆ ದಬ್ಬೆಯ ಮೇಲೆ ಚಕ್ರ ಹತ್ತಿದರೆ ಮುಗಿಯಿತು. ಕೊಟ್ಟಿಗೆಯ ಪಕ್ಕ ನಿಲ್ಲಿಸಿದ್ದನ್ನು ಬೆಳಿಗ್ಗೆ ಹಿಂದಕ್ಕೆ ಎಳೆದೇ ತಿರುಗಿಸಬೇಕು. ಸೊನ್ನೆಯಿಂದ ನೂರು ಈ ದಾರಿಯಲ್ಲಿ ಏನು ಮಾಡೀತು?

ಇದನ್ನು ನೆಟ್ಟಗೆ ಹೇಳಿದವರು ತೀರ್ಥಹಳ್ಳಿಯ ನಮ್ಮ ಮೇಸ್ತ್ರಿ. ‘ಓಡೋ ಗಾಡಿನ ಯಾರು ಬೇಕಾದ್ರೂ ಹಿಡೀತಾರೆ ಸಾರ್. ನಿಂತ ಗಾಡಿ ಹಿಡಿಯೋದೇ ಇರೋದು. ಹೋಗಿ ಹಿಂದಕ್ಕೆ ನೂಕಿ ನೋಡಿ.’ ಅವರ ಗ್ಯಾರೇಜಿನ ಮೂಲೆಯಲ್ಲಿ ಯಾರೋ ತೋಟದ ಸಾಹುಕಾರರ ಯೆಜ್ಡಿ ರೋಡ್‌ಕಿಂಗ್ ಇದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು; ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಬಂಡಿ ಇನ್ನೂ ಉಸಿರಾಡುತ್ತಿದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ಕರ್ ಹೊಡೆದು ಎಂಜಿನ್ ಶುರುವಾದ ಮೇಲೆ ಅದೇ ಕಡ್ಡಿಯನ್ನು ಮುಂದಕ್ಕೆ ಮಗುಚಿದರೆ ಅದೇ ಗೇರು. ಮೊದಲ ಸಲ ನೋಡುವ ಹುಡುಗರು ಇದನ್ನು ನಂಬುವುದಿಲ್ಲ. ಮೇಸ್ತ್ರಿ ನಿತ್ಯ ಒಬ್ಬರಿಗಾದರೂ ಮಾಡಿ ತೋರಿಸುತ್ತಾರೆ. ಹಳೆಯ ಬುಲೆಟ್ಟಿನ ಬಲಗಾಲಿನ ಗೇರು, ಯೆಜ್ಡಿಯ ಎಡಗಾಲಿನ ಗೇರು, ಕೆಳಕ್ಕೇ ಒತ್ತುತ್ತ ಹೋಗುವ ಹೀರೋ ಹೋಂಡಾದ ಗೇರು, ಮೂರೂ ಅವರ ಪಾದಕ್ಕೆ ಗೊತ್ತು. ತಲೆಗೆ ಹೋಗುವುದೇ ಇಲ್ಲವಂತೆ, ಕಾಲೇ ವಿಚಾರಿಸಿಕೊಳ್ಳುತ್ತದಂತೆ.

ಶೋರೂಮಿನ ಟೆಸ್ಟ್ ರೈಡ್ ಎನ್ನುವುದೊಂದು ವಿಚಿತ್ರ ಶಾಸ್ತ್ರ. ಹುಡುಗ ಹಿಂದೆ ಕೂರುತ್ತಾನೆ. ಮುಂದಿನ ಸರ್ಕಲ್ಲಿನವರೆಗೆ ನೇರ ರಸ್ತೆ, ಒಂದು ಯು-ಟರ್ನ್, ವಾಪಸ್ಸು. ಅಷ್ಟರಲ್ಲಿ ತಿಳಿಯುವುದು ಹಾರ್ನಿನ ಸದ್ದು ಮಾತ್ರ. ನಾನು ಓಡಿಸುವುದಕ್ಕಿಂತ ಹೆಚ್ಚು ಹೊತ್ತು ಗಾಡಿಗಳನ್ನು ನಿಲ್ಲಿಸಿಕೊಂಡು ನೋಡಿದೆ. ಪ್ರತಿ ಶೋರೂಮಿನ ಪಕ್ಕಕ್ಕೂ ಸರ್ವೀಸ್ ಕಡೆಗೆ ಇಳಿಯುವ ಒಂದು ಸಿಮೆಂಟಿನ ಇಳಿಜಾರು ಇರುತ್ತದೆ. ಅಲ್ಲಿ ಅರ್ಧಕ್ಕೆ ನಿಲ್ಲಿಸಿ, ಒಂದು ಕಾಲೂರಿ, ಹಿಂದಕ್ಕೆ ಬಿಟ್ಟು, ಮತ್ತೆ ಎಳೆದು, ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡುವುದು. ‘ಎಲ್ಲರೂ ಟಾಪ್ ಸ್ಪೀಡ್ ಕೇಳ್ತಾರೆ, ನೀವು ಹಿಂದಕ್ಕೆ ನೂಕ್ತೀರಲ್ಲ ಸಾರ್’ ಎಂದು ಸೇಲ್ಸ್ ಹುಡುಗ ನಕ್ಕ. ಆಮೇಲೆ ತಾನೇ ಬಂದು ಹಿಂದಿನಿಂದ ಹಿಡಿದುಕೊಂಡ.

ಕ್ಲಾಸಿಕ್ 350 ಮೇಲೆ ಕೂತರೆ ಎದ್ದೇಳಲು ಮನಸ್ಸಾಗುವುದಿಲ್ಲ, ನಿಜ. ಟ್ಯಾಂಕಿನ ದುಂಡು, ಎಂಜಿನ್ನಿನ ಸಾವಧಾನದ ಬಡಿತ, ಎದುರಿನವರು ತಾವಾಗಿ ದಾರಿ ಬಿಡುವುದು, ಎಲ್ಲ ಸರಿಯೇ. ತೂಕ 195 ಕಿಲೊ, ಸೀಟಿನ ಎತ್ತರ 805 ಮಿಲಿಮೀಟರು. ನಮ್ಮಲ್ಲಿ ಎನ್‌ಫೀಲ್ಡ್ ಮಾಡಿದ್ದೆಲ್ಲವೂ ‘ಬುಲೆಟ್ಟು’, ಬುಲೆಟ್ಟು ಇದ್ದವರ ಮನೆಗೆ ಬೇರೆಯೇ ಲೆಕ್ಕದ ಮರ್ಯಾದೆ. ಹೋಂಡಾ ಹೈನೆಸ್ ಸಿಬಿ 350ರದ್ದು 181 ಕಿಲೊ, 800 ಮಿಲಿಮೀಟರು. ನಯವಾದ ಎಂಜಿನ್ನು, ಉದ್ದ ಸೀಟು. ಟಿವಿಎಸ್ ರೋನಿನ್ 225ರದ್ದು ಸುಮಾರು 160 ಕಿಲೊ, 795 ಮಿಲಿಮೀಟರು. ಹಾಳೆಯ ಮೇಲೆ ಸೀಟಿನ ಎತ್ತರದ ವ್ಯತ್ಯಾಸ ಬೆರಳಿನಷ್ಟೂ ಇಲ್ಲ. ಆದರೆ ಕಾಲು ನೆಲಕ್ಕೆ ಮುಟ್ಟುವುದು ಸೀಟು ಎಷ್ಟು ಎತ್ತರ ಎಂಬುದರ ಮೇಲಷ್ಟೇ ಅಲ್ಲ, ಮುಂಭಾಗದಲ್ಲಿ ಎಷ್ಟು ಅಗಲ ಎಂಬುದರ ಮೇಲೂ ನಿಂತಿದೆ. ತೊಡೆ ಅಗಲಿಸಿದಷ್ಟೂ ಕಾಲು ಗಿಡ್ಡವಾಗುತ್ತದೆ. ಯಾವ ಕರಪತ್ರದಲ್ಲೂ ಈ ಅಗಲ ಅಚ್ಚಾಗಿರುವುದಿಲ್ಲ. ಕೂತು, ಎರಡೂ ಹಿಮ್ಮಡಿ ಊರಿ, ಗಾಡಿಯನ್ನು ಅತ್ತಿತ್ತ ವಾಲಿಸಿಯೇ ತಿಳಿಯಬೇಕು.

ತೂಕದ ಕಥೆಯೂ ಹಾಗೇ. ಗಾಡಿ ನೆಟ್ಟಗೆ ನಿಂತಿರುವಾಗ 160 ಆದರೂ 195 ಆದರೂ ಎರಡು ಬೆರಳಲ್ಲಿ ಹಿಡಿಯಬಹುದು. ಭಾರವೆಲ್ಲ ಚಕ್ರದ ಮೂಲಕ ನೆಲಕ್ಕೆ. ಒಂದು ಕಡೆ ವಾಲಿತೋ, ಅಲ್ಲಿಂದ ಪ್ರತಿ ಡಿಗ್ರಿಗೂ ಅದು ನಮ್ಮ ತೊಡೆಗೆ ಸಾಲ ವರ್ಗಾಯಿಸುತ್ತ ಬರುತ್ತದೆ. ಒಂದು ಹಂತದ ಆಚೆಗೆ ಎತ್ತಿ ನಿಲ್ಲಿಸುವ ಮಾತಿಲ್ಲ, ಮೆಲ್ಲಗೆ ಮಲಗಿಸಿ ಮಾನ ಉಳಿಸಿಕೊಳ್ಳುವುದೊಂದೇ. ಆ ಹಂತ ಎಲ್ಲಿ ಬರುತ್ತದೆ ಎಂಬುದನ್ನು ಇಳಿಜಾರು ಹೇಳಿಬಿಟ್ಟಿತು. ರೋನಿನ್ನಿನಲ್ಲಿ ಅದು ನನಗೆ ಸಾಕಷ್ಟು ದೂರ ಇತ್ತು.

ತಂಗಿಯ ಮಗನಿಗೆ ಸಮಾಧಾನವಾಗಲಿಲ್ಲ. ‘ಮಾವ, ಅದು ಆ ಕಡೆಗೂ ಅಲ್ಲ, ಈ ಕಡೆಗೂ ಅಲ್ಲ. ಕ್ಲಾಸಿಕ್ಕೂ ಅಲ್ಲ, ಸ್ಪೋರ್ಟ್ಸೂ ಅಲ್ಲ’ ಎಂದ. 2022ರಲ್ಲಿ ಈ ಗಾಡಿ ಬಂದಾಗಿನಿಂದ ಎಲ್ಲರೂ ಹೀಗೇ ಹೇಳುತ್ತಿದ್ದಾರೆ. ಹಳೇ ಕಾಲದ ದುಂಡು ದೀಪ, ಅದರ ಕೆಳಗೆ ಹೊಂಬಣ್ಣದ ತಲೆಕೆಳಗಾದ ಫೋರ್ಕು, ಕಾಡುದಾರಿಗೆ ಹೊರಟಂತೆ ಕಾಣುವ ಕಟ್ಟೆಕಟ್ಟೆ ಟೈರು. ಯಾವ ಜಾತಿ ಎಂದು ಕೇಳಿದರೆ ಅದಕ್ಕೇ ಗೊತ್ತಿಲ್ಲ. ನನಗೆ ಹಿಡಿಸಿದ್ದು ಅದೇ. ಜಾತಿ ಗೊತ್ತಿರುವ ಬೈಕು ಕೊಂಡರೆ ಅದಕ್ಕೆ ತಕ್ಕ ಜಾಕೆಟ್ಟು, ತಕ್ಕ ಗೆಳೆಯರು, ತಕ್ಕ ಭಾನುವಾರ ಎಲ್ಲ ಹೊಂದಿಸಬೇಕು. ಇದನ್ನು ಪಂಚೆ ಉಟ್ಟು ಸೊಸೈಟಿಗೆ ಹೋಗಲೂ ಬಳಸಬಹುದು.

ಕೊನೆಯ ಮತ ಹೆಂಡತಿಯದು. ಅವಳು ಎಂಜಿನ್ನಿನ ಕಡೆ ನೋಡಲೂ ಇಲ್ಲ. ಹಿಂದಿನ ಸೀಟಿನ ಮೇಲೆ ಎರಡೂ ಕಾಲು ಒಂದೇ ಕಡೆ ಹಾಕಿ ಕೂತು, ಆಮೇಲೆ ಗಂಡಸರಂತೆ ಕೂತು, ಹಿಡಿಕೆಯನ್ನು ಅಲ್ಲಾಡಿಸಿ, ‘ರೀ, ಸೀರೆ ಗಾರ್ಡು ಗಟ್ಟಿ ಇದೆಯಾ ಕೇಳಿ’ ಎಂದಳು. ಹಿಂಬದಿ ಚಕ್ರದ ಅರ್ಧ ಭಾಗಕ್ಕೆ ಮರೆ ಇರಬೇಕೆಂದು ಕೇಂದ್ರದ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಆದರೂ ಗಾಡಿ ಮನೆಗೆ ಬಂದ ಮಾರನೇ ದಿನವೇ ಅಂದ ಕೆಡುತ್ತದೆಂದು ಅದನ್ನು ಕಳಚುವ ಹುಡುಗರ ಸಂಖ್ಯೆ ದೊಡ್ಡದು. ಆ ಹುಡುಗರ ಹಿಂದೆ ಕೂರುವ ತಾಯಂದಿರು ಸೆರಗನ್ನು ಕೈಯಲ್ಲಿ ಬಿಗಿಹಿಡಿದೇ ಊರು ತಲುಪುತ್ತಾರೆ.

ಹನ್ನೆರಡಕ್ಕೆ ಸ್ವಲ್ಪ ಮೊದಲು ನಮ್ಮ ಸರದಿ ಬಂತು. ನಿಂಬೆಹಣ್ಣು ಒಡೆದು ಗಾಡಿ ರಸ್ತೆಗೆ ಇಳಿಯಿತು. ಸ್ಟಾರ್ಟರ್ ಒತ್ತಿದಾಗ ಮೋಟಾರು ಕಿರುಗುಟ್ಟುವುದೇ ಕೇಳಿಸದಿದ್ದುದು ಮೊದಲ ಅಚ್ಚರಿ. ಹಲ್ಲುಗಾಲಿ ಕಚ್ಚಿ ತಿರುಗಿಸುವ ಹಳೆಯ ಬಗೆಯ ಸ್ಟಾರ್ಟರು ಇದರಲ್ಲಿಲ್ಲ, ವಿದ್ಯುತ್ ಉತ್ಪಾದಿಸುವ ಭಾಗವೇ ಎಂಜಿನ್ನನ್ನೂ ಎಬ್ಬಿಸುತ್ತದೆ. ಕಿಕ್ಕರ್ ಇಲ್ಲವೇ ಇಲ್ಲ. ಬ್ಯಾಟರಿ ಸೋತರೆ ನೂಕುವವರನ್ನು ಹುಡುಕಬೇಕು. ನಮ್ಮ ಇಳಿಜಾರು ಆ ಹೊತ್ತಿಗಾದರೂ ಉಪಕಾರಕ್ಕೆ ಬಂದೀತು.

ಪೇಟೆ ದಾಟುವುದರಲ್ಲೇ ಗಾಡಿಯ ನಿಜವಾದ ಗುಣ ಕಂಡಿತು. ಹಬ್ಬದ ಜನ, ಬಾಳೆಕಂದು ಕಟ್ಟಿದ ಆಟೋಗಳು, ಹೂವಿನ ಗಾಡಿಗಳು. ಎಲ್ಲವೂ ಎತ್ತಿನ ನಡೆಯಲ್ಲಿ. ಒಂದನೇ ಗೇರಿನಲ್ಲಿ ಕ್ಲಚ್ಚು ಪೂರ್ತಿ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ಕೂತರೆ ಗಾಡಿ ತಾನಾಗಿ ಮೆಲ್ಲಗೆ ತೆವಳುತ್ತದೆ. ಎಂಜಿನ್ ನಿಲ್ಲುವಷ್ಟು ಕೆಳಗಿಳಿಯುವ ಮೊದಲೇ ಅದರ ಪುಟ್ಟ ಕಂಪ್ಯೂಟರು ಇಂಧನ ಹೆಚ್ಚಿಸಿ ಹಿಡಿದುಕೊಳ್ಳುತ್ತದೆ. ಕಂಪನಿಯವರು ಇದಕ್ಕೆ ‘ಗ್ಲೈಡ್ ಥ್ರೂ ಟೆಕ್ನಾಲಜಿ’ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ಎಡಗೈಯ ಬೆರಳುಗಳಿಗೆ ಗೊತ್ತಾಗುವುದು ಇಷ್ಟೇ: ಇಷ್ಟು ವರ್ಷ ಸಂತೆಯ ದಿನ ಅನುಭವಿಸಿದ ನೋವು ಇಲ್ಲಿ ಇಲ್ಲ. ಕ್ಲಚ್ಚೂ ಹಗುರ.

ಕಾಲಿನ ಕಥೆ ಬೇರೆ. ಹಳೆಯ ಗಾಡಿಯಲ್ಲಿ ಗೇರು ಏರಿಸಲು ಮುಂಗಾಲಿನಿಂದ ಕೆಳಕ್ಕೆ ಒತ್ತಬೇಕಿತ್ತು. ಇಲ್ಲಿ ಒಂದು ಕೆಳಕ್ಕೆ, ನಾಲ್ಕು ಮೇಲಕ್ಕೆ. ಏರಿಸಬೇಕೆಂದುಕೊಂಡಾಗಲೆಲ್ಲ ಪಾದ ಕೆಳಕ್ಕೇ ಹೊರಡುತ್ತದೆ. ಅದನ್ನು ಅರ್ಧದಲ್ಲಿ ತಡೆದು ಚಪ್ಪಲಿಯ ತುದಿಯನ್ನು ಕಡ್ಡಿಯಡಿಗೆ ತೂರಿಸಬೇಕು. ಗಾಜನೂರು ದಾಟುವವರೆಗೂ ಈ ಚೌಕಾಸಿ ನಡೆದೇ ಇತ್ತು. ಹಿಂದಿನಿಂದ, ‘ಯಾಕೆ ಒಂದೊಂದು ಸಲ ತಡೀತಿದೀರಿ?’ ಎಂಬ ಪ್ರಶ್ನೆ. ಅವಳ ಮುಡಿಯ ಸೇವಂತಿಗೆಯೆಲ್ಲ ಹೆಲ್ಮೆಟ್ಟಿನೊಳಗೆ ಅಪ್ಪಚ್ಚಿಯಾಗಿತ್ತು. ಹಿಂಬದಿ ಸವಾರರಿಗೂ ಹೆಲ್ಮೆಟ್ ಎಂಬ ನಿಯಮ ರಾಜ್ಯದಲ್ಲಿ 2016ರಿಂದ ಇದೆ. ಹೂವು ಮುಡಿದ ತಲೆಗೆ ಹೊಂದುವ ಹೆಲ್ಮೆಟ್ಟನ್ನು ಇನ್ನೂ ಯಾರೂ ಮಾಡಿಲ್ಲ. ಮಾಡಿದವರು ನಮ್ಮ ಕಡೆ ಚೆನ್ನಾಗಿ ದುಡಿಯಬಹುದು.

ಸಕ್ರೆಬೈಲಿನ ಆನೆ ಬಿಡಾರದ ಎದುರು ಕಾರುಗಳ ಸಾಲು. ಶಿವಮೊಗ್ಗ ದಸರೆಯ ಮೆರವಣಿಗೆಗೆ ಹೋಗುವುದು ಇಲ್ಲಿಯ ಆನೆಗಳೇ, ಹಾಗಾಗಿ ಹಬ್ಬದಲ್ಲಿ ಈ ಬಿಡಾರಕ್ಕೆ ತವರಿನ ಕಳೆ. ಅದನ್ನು ದಾಟಿದರೆ ರಸ್ತೆ ಕಾಡಿಗೆ ಬೀಳುತ್ತದೆ. ಶೋರೂಮಿನ ಹುಡುಗ ಗಿಣಿಪಾಠ ಒಪ್ಪಿಸಿದ್ದ: ಹೊಸತರಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡಬೇಡಿ, ಒಂದೇ ವೇಗದಲ್ಲಿ ತುಂಬಾ ಹೊತ್ತು ಓಡಿಸಬೇಡಿ, ದೊಡ್ಡ ಗೇರಿನಲ್ಲಿ ಎಂಜಿನ್ ತಿಣುಕಿಸಬೇಡಿ. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳಬೇಕಾದರೆ ಎಂಜಿನ್ನಿನ ಮೇಲಿನ ಒತ್ತಡ ಏರಿಳಿಯುತ್ತಲೇ ಇರಬೇಕು. ಹೆದ್ದಾರಿಯಲ್ಲಿ ಇದು ಶಿಸ್ತಿನ ಕೆಲಸ. ತುಂಗೆಯ ಜೊತೆಜೊತೆಗೆ ಬಳುಕುವ ಈ ದಾರಿಯಲ್ಲಿ ಬೇರೆ ಥರ ಓಡಿಸಲು ಆಗುವುದೇ ಇಲ್ಲ.

ಇಲ್ಲಿ ಗಾಡಿ ಬಾಯಿ ಬಿಟ್ಟಿತು. 225.9 ಸಿಸಿಯ ಈ ಎಂಜಿನ್ನಿನ ಗರಿಷ್ಠ ಶಕ್ತಿ 20.4 ಪಿಎಸ್ ಸಿಗುವುದು ನಿಮಿಷಕ್ಕೆ 7,750 ಸುತ್ತಿನಲ್ಲಿ. ಅಲ್ಲಿಗೆ ನಾನು ಬಹುಶಃ ಯಾವತ್ತೂ ಹೋಗುವುದಿಲ್ಲ. ಎಳೆಯುವ ಬಲ, ಅಂದರೆ ಟಾರ್ಕು, 19.93 ನ್ಯೂಟನ್ ಮೀಟರು, 3,750ರಲ್ಲೇ ಪೂರ್ತಿ ಕೈಗೆ ಬರುತ್ತದೆ. ನಮ್ಮ ಹಳೆಯ ಬಗೆಯ ನೂರು ಸಿಸಿಯಲ್ಲಿ ಅದು ಎಂಟರ ಆಸುಪಾಸು. ಈ ಎರಡು ಅಂಕಿಗಳ ಅಂತರವನ್ನು ಮೂರನೇ ಗೇರಿನಲ್ಲಿ ಒಂದು ಏರುತಿರುವು ಬಂದಾಗ ಬೆನ್ನು ಓದಿಕೊಳ್ಳುತ್ತದೆ. ಮುಂದೆ ಬಸ್ಸು ನಿಧಾನಿಸಿತು, ನಾವೂ ನಿಧಾನಿಸಿದೆವು. ಹಳೆಯ ಅಭ್ಯಾಸದಂತೆ ಎರಡನೇ ಗೇರಿಗೆ ಕಾಲು ಸಿದ್ಧವಾಗಿತ್ತು. ಬೇಕಾಗಲಿಲ್ಲ. ಮೂರರಲ್ಲೇ, ಗೊಣಗದೆ, ಇಬ್ಬರನ್ನೂ ಹೊತ್ತು ತಿರುವಿನ ಹೊರಗೆ ತಂದುಬಿಟ್ಟಿತು. ಸದ್ದು ಎನ್‌ಫೀಲ್ಡಿನ ಹಾಗೆ ಎದೆಗೆ ಬಡಿಯುವಂಥದ್ದಲ್ಲ. ಸ್ವಲ್ಪ ಒಣದನಿ. ಇದನ್ನು ಸಂಗೀತ ಎಂದು ಹೊಗಳಲು ಕಂಪನಿಯ ಸಂಬಳ ಬೇಕು. ಆದರೆ ಹಿಂದಿನವರ ಮಾತು ಕೇಳಿಸುತ್ತದೆ, ಅದು ಲಾಭವೋ ನಷ್ಟವೋ ಆಯಾ ಸಂಸಾರಕ್ಕೆ ಬಿಟ್ಟದ್ದು.

ಮಂಡಗದ್ದೆಯಲ್ಲಿ ಚಹಾಕ್ಕೆ ನಿಂತೆವು. ಹೊಳೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಗಲಾಟೆ ಇನ್ನೂ ಇತ್ತು. ಮಳೆಗಾಲದ ಗೂಡು ಬಿಟ್ಟು ಎಲ್ಲವೂ ಹೊರಟಿರಲಿಲ್ಲ. ಮಾಲೆ ಹಾಕಿದ ಗಾಡಿ ಕಂಡರೆ ನಮ್ಮ ಕಡೆ ಯಾರೂ ಸುಮ್ಮನೆ ಹೋಗುವುದಿಲ್ಲ. ಚಹಾ ಅಂಗಡಿಯವರು ಕೈ ಒರೆಸಿಕೊಂಡು ಬಂದು ಒಂದು ಸುತ್ತು ಹಾಕಿದರು. ಮೊದಲ ಪ್ರಶ್ನೆ, ‘ಎಷ್ಟು ಕೊಡುತ್ತೆ?’ ಮೈಲೇಜಿನ ಪ್ರಶ್ನೆ. ಟ್ಯಾಂಕು ತುಂಬಿಸಿ ಇನ್ನೂ ಒಂದು ತಾಸೂ ಆಗಿರಲಿಲ್ಲ, ಆದರೂ ಉತ್ತರ ಕೊಡದಿದ್ದರೆ ಬಿಡುವವರಲ್ಲ. ಎರಡನೆಯದು, ‘ಎಷ್ಟು ಬಿತ್ತು?’ ಮೂರನೆಯದು ಪ್ರಶ್ನೆಯಲ್ಲ, ‘ಇನ್ನೊಂದಿಷ್ಟು ಹಾಕಿದ್ರೆ ಬುಲೆಟ್ಟೇ ಬರ್ತಿತ್ತಲ್ಲ ಮಾರಾಯ್ರೇ.’

ಅಲ್ಲಿಂದ ಹೊರಟ ಮೇಲೆ ಬ್ರೇಕಿನ ಪರೀಕ್ಷೆ ತಾನಾಗಿ ಒದಗಿತು. ತಿರುವಿನ ಆಚೆ ರಸ್ತೆ ಮೇಲೇ ಮಲಗಿದ್ದ ಎಮ್ಮೆ. ಬದಿಯಲ್ಲಿ ಮಳೆ ತಂದು ಹರಡಿದ ಜಲ್ಲಿ. ಹಳೆಯ ಗಾಡಿಯ ಡ್ರಮ್ ಬ್ರೇಕಿಗೆ ಅರ್ಜಿ ಹಾಕಿ ಕಾಯಬೇಕಿತ್ತು. ಇಲ್ಲಿ ಎರಡೂ ಕಡೆ ಡಿಸ್ಕು. ಎರಡು ಬೆರಳು ಒತ್ತಿದ್ದೇ ಮೂಗು ತಗ್ಗಿತು, ಪೆಡಲು ಅಂಗಾಲಿಗೆ ಟಕಟಕ ಎಂದು ಒದೆಯಿತು. ಚಕ್ರ ಕಚ್ಚಿ ಜಾರದಂತೆ ಎಬಿಎಸ್ ಹಿಡಿದು ಬಿಡುತ್ತಿರುವ ಒದೆತ ಅದು. 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಇದು 2019ರಿಂದ ಕಡ್ಡಾಯ. ಎಮ್ಮೆ ಕಿವಿ ಅಲ್ಲಾಡಿಸಿತು, ಏಳಲಿಲ್ಲ. ‘ಸರಿ ಇದೆ’ ಎಂದಳು ಹಿಂದಿನಿಂದ. ಇಡೀ ದಿನದಲ್ಲಿ ಗಾಡಿಗೆ ಸಿಕ್ಕ ಮೊದಲ ಪ್ರಶಸ್ತಿ.

ಎಲ್ಲವೂ ಹಿಡಿಸಿತೆಂದಲ್ಲ. ಮುಳ್ಳಿನ ಮೀಟರಿಗೆ ಒಗ್ಗಿದ ಕಣ್ಣಿಗೆ ಆ ಪುಟ್ಟ ಅಂಕಿಪರದೆ ಲೆಕ್ಕದ ಮೇಷ್ಟ್ರ ಥರ ಕಾಣುತ್ತದೆ. ಎದುರು ಮರೆಯಿಲ್ಲದ ನೆಟ್ಟನೆ ಕೂರುವ ಗಾಡಿಯಾದ್ದರಿಂದ ವೇಗ ಏರಿದಂತೆ ಗಾಳಿಯನ್ನೆಲ್ಲ ಎದೆಯೇ ತಡೆಯಬೇಕು. ಮತ್ತು ಹಿಂದಿನ ಸಸ್ಪೆನ್ಷನ್ನು ಸಣ್ಣ ಗುಂಡಿಗಳನ್ನೂ ಸೊಂಟಕ್ಕೆ ವರದಿ ಮಾಡುತ್ತಿತ್ತು. ತೀರ್ಥಹಳ್ಳಿ ಪೇಟೆಗೆ ಬರುವ ಹೊತ್ತಿಗೆ ಹಿಂದಿನ ಸೀಟಿನಿಂದ ಆ ಪ್ರಶಸ್ತಿಯನ್ನು ವಾಪಸು ಪಡೆಯುವ ಸೂಚನೆಗಳು ಬರತೊಡಗಿದ್ದವು.

ಉಣುಗೋಲಿನ ಹತ್ತಿರ ಅವಳು ಇಳಿದಳು. ಏರಿನಲ್ಲಿ ಗಾಡಿ ನಿಲ್ಲಿಸಿ, ಬಲಗಾಲು ಬ್ರೇಕಿನ ಮೇಲಿಟ್ಟು ಎಡಗಾಲು ಊರಿದೆ. ಹಿಮ್ಮಡಿ ಪೂರ್ತಿ ನೆಲಕ್ಕೆ. ಗಳು ಸರಿದ ಮೇಲೆ ಕ್ಲಚ್ಚು ಬಿಟ್ಟರೆ ಜಗ್ಗದೆ ಹೊರಟಿತು. ಅಂಗಳದಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ‘ಅಪ್ಪಿ, ಇದಕ್ಕೆ ಹೊಡೆಯೋ ಕಡ್ಡಿನೇ ಇಲ್ಲವಲ್ಲ’ ಎಂದು ಕಿಕ್ಕರ್ ಹುಡುಕಿದರು. ಕೊಟ್ಟಿಗೆಯ ಪಕ್ಕಕ್ಕೆ ಹಿಂದುಮುಂದಾಗಿ ನೂಕಿ ನಿಲ್ಲಿಸುವುದು ಒಬ್ಬನ ಕೈಯಲ್ಲೇ ಆಯಿತು.

ಮಾರನೇ ದಿನ ಮೇಸ್ತ್ರಿಯ ಹತ್ತಿರ ಒಯ್ದೆ. ಅವರು ಗಾಡಿ ಹತ್ತಲಿಲ್ಲ, ಕೂತು ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ‘ಕಲ್ಲಾಗಿದೆ. ಹೊಸ ಗಾಡಿಗೆ ಗಾಳಿ ಜಾಸ್ತಿ ತುಂಬಿರ್ತಾರೆ, ಯಾರೂ ಇಳಿಸಿ ಕೊಡಲ್ಲ’ ಎಂದು ಚೈನಿನ ಬಳಿ ಅಂಟಿಸಿದ ಚೀಟಿ ಓದಿ, ಇಬ್ಬರು ಕೂರುವ ಲೆಕ್ಕಕ್ಕೆ ಗಾಳಿ ಬಿಟ್ಟರು. ಬ್ರೇಕ್ ಪೆಡಲನ್ನು ನನ್ನ ಪಾದಕ್ಕೆ ತಕ್ಕಷ್ಟು ತಗ್ಗಿಸಿ, ಕ್ಲಚ್ ಕೇಬಲ್ಲಿಗೆ ಒಂದು ಸುತ್ತು ಸಡಿಲ ಕೊಟ್ಟು, ಕನ್ನಡಿಗಳನ್ನು ಹೊರಕ್ಕೆ ತಿರುಗಿಸಿದರು. ಕನ್ನಡಿಯಲ್ಲಿ ಅಲ್ಲಿಯವರೆಗೆ ನನ್ನ ಮೊಣಕೈ ಮಾತ್ರ ಕಾಣುತ್ತಿತ್ತು. ದುಡ್ಡು ಕೇಳಲಿಲ್ಲ, ಹಳೇ ಹೀರೋ ಹೋಂಡಾ ಮಾರುವುದಾದರೆ ತಮಗೇ ಮೊದಲು ಹೇಳಬೇಕೆಂದು ಮಾತು ತೆಗೆದುಕೊಂಡರು. ಸಂಜೆ ಅದೇ ಗುಂಡಿಗಳ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಹೋದೆ. ಮೊದಲನೆಯದು ದಾಟಿತು, ಎರಡನೆಯದು ದಾಟಿತು, ಮಾತಿಲ್ಲ. ಮೂರನೆಯದರ ಮೇಲೆ, ‘ಇದೇ ರೇಟಲ್ಲಿ ಹೋದ್ರೆ ಶೃಂಗೇರಿಗೂ ಹೋಗಿಬರಬಹುದು. ಬಸ್ಸಿನ ದುಡ್ಡು ಉಳೀತು’ ಎಂದಳು. ಪೆಟ್ರೋಲು ಎಷ್ಟು ಕುಡಿಯುತ್ತದೆ ಎಂದು ಅವಳಿಗೆ ನಾನಿನ್ನೂ ಹೇಳಿಲ್ಲ.